ಹತ್ತೊಂಬತ್ತನೆಯ ಗೇಣು

ಆ ದಿನ ಬೆಳಗ್ಗೆ ಮಂಜು ಮೊಣಕಾಲಿನ ತನಕ ಮಾತ್ರ ಇತ್ತು. ಅದರ ಮೇಲೆ ಬಿಸಿಲು ಸ್ವಚ್ಛವಾಗಿ ಬಿದ್ದಿತ್ತು. ಕೆಳಗೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಮಂಜು. ಜನ ಕಾಲಿಲ್ಲದೆ ಓಡಾಡುತ್ತಿದ್ದರು. ನಾಯಿಗಳು ಕಾಣುತ್ತಿರಲಿಲ್ಲ, ಅವುಗಳ ಬಾಲದ ತುದಿ ಮಾತ್ರ ಬೀದಿಯಲ್ಲಿ ಹೋಗಿಬರುತ್ತಿತ್ತು. ಬೇರೆ ಊರಿನಲ್ಲಾದರೆ ಇಂಥ ಬೆಳಗನ್ನು ಚೆಂದ ಎನ್ನುತ್ತಾರೆ. ನಮ್ಮೂರಿನಲ್ಲಿ ಇಂಥ ಮಂಜು ಬಿದ್ದರೆ ಹೆಂಗಸರು ಬಾಗಿಲಿಗೆ ಬಂದು, "ಯಾರೂ ಏನೂ ಕೆಳಗ ಇಡಬ್ಯಾಡ್ರಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಾರೆ. ಕೆಳಗಿಟ್ಟದ್ದು ಕಾಣುವುದಿಲ್ಲ, ಕಾಣದ್ದು ಮರೆತುಹೋಗುತ್ತದೆ, ಮರೆತದ್ದನ್ನು ನಮ್ಮೂರಿನ ನೆಲ ಒಳಗೆ ಕರೆದುಕೊಳ್ಳುತ್ತದೆ.

ಅಂಗಳದಲ್ಲಿ ಮರೆತ ತಂಬಿಗೆ ಮೊದಲ ರಾತ್ರಿಯೇ ಮಣ್ಣಿನ ಚರ್ಮದ ಕೆಳಗೆ ಹೋಗುತ್ತದೆ. ಆಮೇಲೆ ಅವಸರವಿಲ್ಲ. ವರ್ಷಕ್ಕೆ ಒಂದು ಗೇಣಿನಂತೆ ಇಳಿಯುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹೀಗಾಗಿ ನಮ್ಮ ಮನೆಗಳಲ್ಲಿ ಎಲ್ಲವೂ ತೂಗಾಡುತ್ತಿರುತ್ತವೆ. ಕೊಡಕ್ಕೆ ಸರಪಳಿ, ಪೊರಕೆಗೆ ಕೊಕ್ಕೆ, ಮಣೆಗೆ ಹಗ್ಗ. ಗುಡಿಯ ಮುಂದಿನ ಬೇವಿನ ಮರದಲ್ಲಿ ಎಲೆಗಿಂತ ಚಪ್ಪಲಿ ಹೆಚ್ಚು. ಮನೆಗಳು ಯಾಕೆ ಇಳಿಯುವುದಿಲ್ಲ ಎಂದು ಹೊರಗಿನವರು ಕೇಳುತ್ತಾರೆ. ದಿನಾ ಸಾರಿಸಿ ರಂಗೋಲಿ ಹಾಕಿಸಿಕೊಳ್ಳುವ ನೆಲಕ್ಕೆ ಒಂದಿಷ್ಟು ದಾಕ್ಷಿಣ್ಯ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಮಲಗಿದ ಎಮ್ಮೆಯನ್ನೂ ನೆಲ ಮುಟ್ಟುವುದಿಲ್ಲ. ಎಮ್ಮೆ ತನ್ನನ್ನು ತಾನು ಎಂದೂ ಮರೆಯುವ ಪ್ರಾಣಿಯಲ್ಲ. ಆದರೆ ಹಿಂದೆ ಕಟ್ಟಿದ ನೀರಿನ ಟಾಕಿ ಹೋಯಿತು. ಅದಕ್ಕೆ ಒಂದು ದಿನವೂ ನೀರು ಬರಲಿಲ್ಲವಾಗಿ ಜನ ಅದನ್ನು ಮರೆತರು. ದೊಡ್ಡದಾದ್ದರಿಂದ ಪೂರ್ತಿ ಇಳಿಯಲು ನಲವತ್ತು ವರ್ಷ ಹಿಡಿಯಿತು. ಅದರ ಮುಚ್ಚಳ ಈಗ ಮುದುಕರು ಚೌಕಾಬಾರ ಆಡುವ ಕಟ್ಟೆಯಾಗಿದೆ.

ನನ್ನ ಹೆಸರು ಅಡಿವಯ್ಯ. ಸಲಾಕೆ ನಮ್ಮ ಮನೆತನದ ಕೆಲಸ. ಬಾವಿ ತೋಡುವವರು, ಮನೆ ಕಟ್ಟುವವರು ಮೊದಲು ನನ್ನನ್ನು ಕರೆಯುತ್ತಾರೆ. ನಾನು ನೆಲಕ್ಕೆ ಕೈಮುಗಿದು, "ತಾಯಿ, ಚುಚ್ಚತೇನಿ, ತಪ್ಪು ತಿಳಕೋಬ್ಯಾಡ" ಎಂದು ಹೇಳಿ, ಕಬ್ಬಿಣದ ಸಲಾಕೆಯನ್ನು ಬಡಿದು ಇಳಿಸಿ, ಅದರ ತಲೆಗೆ ಕಿವಿ ಹಚ್ಚುತ್ತೇನೆ. ಮರಳು ಸಲಾಕೆಯ ಮೂತಿಗೆ ಎದುರು ನಿಲ್ಲುತ್ತದೆ, ಆದರೆ ದಾಟಿ ಹೋದವನನ್ನು ಹಿಡಿಯುವುದಿಲ್ಲ. ಜೇಡಿಮಣ್ಣು ಹಾಗಲ್ಲ, ಮುಂದೆ ದಾರಿ ಬಿಟ್ಟುಕೊಟ್ಟು ಪಕ್ಕದಿಂದ ತಬ್ಬಿಕೊಳ್ಳುತ್ತದೆ, ಊಟ ಮಾಡದೆ ಹೋಗಗೊಡದ ಬೀಗರ ಹಾಗೆ. ಹಳೆಯ ಹೊಳೆ ಬಿಟ್ಟುಹೋದ ಮೆಕ್ಕಲು ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಕಲ್ಲಿನಂತೆ ಗಟ್ಟಿಯಾದ ಗರಸು ಮಾತ್ರ ಒಮ್ಮೆ ಇಲ್ಲ ಎಂದರೆ ಮುಗಿಯಿತು. ಸಲಾಕೆ ಏನು ಹೇಳುತ್ತದೋ ಅದನ್ನು ನಿಂತವರ ಮುಂದೆ ಗಟ್ಟಿಯಾಗಿ ಓದಿ ಹೇಳಬೇಕು. ಕೂಡಿಸಬಾರದು, ಕಳೆಯಬಾರದು. ಅಪ್ಪ ನನ್ನ ಅಂಗೈಯಲ್ಲಿ ವಿಭೂತಿ ಇಟ್ಟು ಮಾಡಿಸಿದ ಆಣೆ ಅದು. ಸಲಾಕೆಯ ವಿಷಯದಲ್ಲಿ ನಾನು ಎಂದೂ ಸುಳ್ಳು ಹೇಳಿದವನಲ್ಲ. ಬೇರೆ ವಿಷಯದಲ್ಲಿ ಒಂದು ಹೇಳಿದ್ದೆ. ಅದು ಮುಂದೆ ಬರುತ್ತದೆ.

ಆ ಮಂಜಿನ ಬೆಳಗ್ಗೆ ನಮ್ಮೂರಿಗೆ ಒಂದು ಲಾರಿ ಬಂತು. ಗಾಲಿಗಳು ಕಾಣದಿದ್ದುದರಿಂದ ಅದು ತೇಲಿಕೊಂಡು ಬಂದ ಹಾಗಿತ್ತು. ಅದರಿಂದ ಇಳಿದವಳು ಇಂದುಮತಿ ಎಂಬ ಎಂಜಿನಿಯರ್, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಶಾಲೆಯ ಪಕ್ಕದ ಬಯಲಿನಲ್ಲಿ ಒಂದು ಲಕ್ಷ ಲೀಟರಿನ ಹೊಸ ಟಾಕಿ ಏಳುವುದಿತ್ತು. ಅದಕ್ಕೆ ಮೊದಲು ಊರಿನ ಕೆಳಗೆ ಎಲ್ಲಿ ಯಾವ ಮಣ್ಣಿದೆ, ಎಷ್ಟು ಆಳಕ್ಕಿದೆ ಎಂದು ಚುಚ್ಚಿ ನೋಡಿ ನಕ್ಷೆ ಬರೆಯುವುದು ಅವಳ ಕೆಲಸ. ಲಾರಿಯ ಹೊಟ್ಟೆಯಿಂದ ಒಂದು ಸಲಾಕೆ ಇಳಿಯುತ್ತದೆ, ಅದರ ತುದಿಗೆ ಚೂಪು ಶಂಕು. ಲಾರಿ ಬಡಿಯುವುದಿಲ್ಲ, ತನ್ನ ಭಾರವನ್ನೆಲ್ಲ ಹಾಕಿ ನಿಧಾನವಾಗಿ ಒತ್ತುತ್ತದೆ. ಮೂತಿಗೆ ಎಷ್ಟು ಎದುರಾಯಿತು, ಪಕ್ಕಕ್ಕೆ ಎಷ್ಟು ಅಂಟಿತು ಎಂದು ಪರದೆಯ ಮೇಲೆ ಎರಡು ಗೆರೆಗಳು ತೋರಿಸುತ್ತವೆ. ನಾನು ಕಿವಿಯಿಂದ ಕೇಳುತ್ತಿದ್ದುದನ್ನು ಅವಳು ಕಣ್ಣಿನಿಂದ ನೋಡುತ್ತಿದ್ದಳು, ಅಷ್ಟೇ ವ್ಯತ್ಯಾಸ.

ಪಂಚಾಯಿತಿಯ ಅಧ್ಯಕ್ಷರು ಈರಭದ್ರಪ್ಪನವರು. ಅವರು ಒಂದು ಶರತ್ತು ಹಾಕಿದರು. "ಮೇಡಂ, ನಿಮ್ಮ ಯಂತ್ರ ಏನರ ಹೇಳ್ಲಿ. ನಮ್ಮ ಅಡಿವಯ್ಯ ಸಲಾಕೀಗೆ ಕಿವಿ ಹಚ್ಚಿ ಹೌದು ಅಂದ್ರ ಮಾತ್ರ ನಮಗ ಒಪ್ಪಿಗಿ."

ಇಂದುಮತಿ ನನ್ನ ಕಿವಿಯನ್ನು ನೋಡಿದಳು. "ಆಗಲಿ ಅಜ್ಜಾ. ನನಗೂ ಒಂದು ಸಾಕ್ಷಿ ಸಿಕ್ಕ ಹಾಗಾಯ್ತು" ಎಂದಳು.

ಮೊದಲ ತೂತು ಗುಡಿಯ ಮುಂದೆ. ನಾನು ಕೈಮುಗಿದೆ. ಸಲಾಕೆ ಇಳಿಯಿತು. "ಒಂದನೇ ಗೇಣು, ಕೆಮ್ಮಣ್ಣು. ಎರಡು, ಕೆಮ್ಮಣ್ಣು. ಮೂರು, ಸಣ್ಣ ಮರಳು," ಎಂದು ನಾನು ಓದುತ್ತಾ ಹೋದೆ. ಅವಳ ಗೆರೆಗಳೂ ಹಾಗೇ ಹೋದವು. ಏಳನೆಯ ಗೇಣಿನಲ್ಲಿ ಟಣ್ ಎಂದಿತು. ಗುಡಿಯ ಪೂಜಾರಿ ಚೌಡಯ್ಯ ಬಾಯಿ ತೆರೆದ. "ಅದು ನನ್ನ ಪಂಚಪಾತ್ರಿ. ಮಗಳ ಮದುವಿ ವರ್ಷ ಇಲ್ಲೇ ಮರೆತಿದ್ದೆ. ಬರೋಬ್ಬರಿ ಏಳು ವರ್ಷ ಆತು." ಶಂಕು ಪಂಚಪಾತ್ರೆಯನ್ನು ಬದಿಗೆ ತಳ್ಳಿ ಮುಂದೆ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಈರಭದ್ರಪ್ಪನವರು ತಟ್ಟಲಿಲ್ಲ. ಮೆಲ್ಲಗೆ ನನ್ನ ಹತ್ತಿರ ಬಂದು, "ಅಂದ್ರ ಕೆಳಗ ಏನೇನೈತಿ ಎಲ್ಲಾ ಹೇಳತೈತಿ ಇದು?" ಎಂದರು.

"ಹೇಳತೈತ್ರಿ."

"ಎಂದ ಹೋಗಿದ್ದು ಅಂತನೂ?"

"ಗೇಣು ಎಣಿಸಿದ್ರ ಆತಲ್ರಿ."

ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬಿಸಿಲು ಇನ್ನೂ ಏರಿರಲಿಲ್ಲ.

ಅವರಿಗೆ ಯಾಕೆ ಬೆವರು ಬಂತು ಎಂದು ಹೇಳಬೇಕು. ನಮ್ಮೂರಿನಲ್ಲಿ ಎರವಲು ತಂದದ್ದನ್ನು ಹಿಂದಿರುಗಿಸಲು ಮನಸ್ಸಿಲ್ಲದವರು, "ನೆಲ ಇಳಿಸ್ಕೊಂಡೈತಿ" ಎಂದರೆ ಮಾತು ಅಲ್ಲಿಗೆ ಮುಗಿಯಿತು. ಮತ್ತೆ ಕೇಳಿದರೆ ಭೂತಾಯಿಯನ್ನೇ ತಗಾದೆ ಮಾಡಿದಂತೆ. ವಸ್ತುವಿನ ಒಡೆಯರು ಆ ನೆಲಕ್ಕೆ ಅರಿಶಿನ ಕುಂಕುಮ ಹಾಕಿ ಮನೆಗೆ ಹೋಗಬೇಕು. ನೆಲ ತೆಗೆದುಕೊಂಡದ್ದನ್ನು ಅಗೆದು ತೆಗೆಯಬಾರದು ಎಂಬುದು ಕಟ್ಟಳೆ. ಹೀಗೆ ಹಲವು ವರ್ಷಗಳಲ್ಲಿ ಎಷ್ಟೋ ಸೌಟು, ಎಷ್ಟೋ ಶಾವಿಗೆ ಒರಳು, ಎಷ್ಟೋ ಹೋಳಿಗೆ ಹಂಚು ನೆಲಕ್ಕೆ ಹೋದವು. ಕೆಲವು ನಿಜವಾಗಿಯೂ ಹೋಗಿದ್ದವು.

ನನ್ನ ಸುಳ್ಳು ಇಷ್ಟು. ನಮ್ಮ ಓಣಿಯ ತುದಿಯಲ್ಲಿ ಬಾಳಕ್ಕ ಇದ್ದಾಳೆ. ಎಪ್ಪತ್ತೆಂಟು ದಾಟಿದವಳು. ಸೋಮವಾರದ ಭಜನೆಗೆ ಅವಳೇ ತಾಳ ಹಾಕುವವಳು. ಅವಳ ಅಪ್ಪ ಕೊಟ್ಟ ಕಂಚಿನ ಜೋಡಿ ತಾಳ. ಒಂದಕ್ಕೊಂದು ತಾಗಿದರೆ ಎದೆಯೊಳಗೆ ದೀಪ ಹಚ್ಚಿದ ಹಾಗಾಗುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಅವುಗಳಲ್ಲಿ ಒಂದರ ದಾರ ಹರಿದಿತ್ತು. ಹೊಸ ದಾರ ಹಾಕಿಕೊಡುತ್ತೇನೆ ಎಂದು ನಾನು ತಂದೆ. ಅಂಗಳದ ಕಟ್ಟೆಯ ಮೇಲೆ ಇಟ್ಟಂತೆ ನೆನಪು. ಮರುದಿನ ಇಲ್ಲ. ನೆಲ ಇಳಿಸಿಕೊಂಡಿತು ಎಂದು ನಂಬಿ, ಹಾಗೇ ಹೇಳಿದೆ. ಬಾಳಕ್ಕ ಬಂದು ನನ್ನ ಅಂಗಳಕ್ಕೆ ಅರಿಶಿನ ಕುಂಕುಮ ಹಾಕಿ, "ನೆಲಕ್ಕ ಹೋದದ್ದು ಶಿವಗ ಹೋದಂಗ" ಎಂದು ಹೋದಳು. ಆರು ತಿಂಗಳ ಮೇಲೆ ಅಟ್ಟದಿಂದ ಹುಣಸೆಹಣ್ಣಿನ ಗಡಿಗೆ ಇಳಿಸಿದೆ. ಅದರ ಮುಚ್ಚಳವಾಗಿ ಕೂತಿತ್ತು ತಾಳ. ನನ್ನ ಹೆಂಡತಿ, ಈಗ ಶಿವನ ಪಾದ ಸೇರಿದ್ದಾಳೆ, ಅಳತೆ ಸರಿಹೋಯಿತೆಂದು ಮುಚ್ಚಿದ್ದಳು. ಆಗಲೇ ಓಡಿಹೋಗಿ ಕೊಡಬೇಕಿತ್ತು. ಆದರೆ ಭೂತಾಯಿಯ ಮೇಲೆ ಸುಳ್ಳು ಹೇರಿದವನು ಎಂದಾಗುತ್ತದಲ್ಲ ಎಂದು ಒಂದು ದಿನ ತಡೆದೆ. ಎರಡನೆಯ ದಿನ ಇನ್ನೂ ಕಷ್ಟವಾಯಿತು. ಗಡಿಗೆಯನ್ನು ಮುಚ್ಚಿ ಮತ್ತೆ ಅಟ್ಟಕ್ಕೆ ಏರಿಸಿದೆ.

ಅಂದಿನಿಂದ ಬಾಳಕ್ಕ ಒಂದು ಕೈಯಲ್ಲಿ ಉಳಿದ ತಾಳ, ಇನ್ನೊಂದು ಕೈಯಲ್ಲಿ ಡಬರಿಯ ಮುಚ್ಚಳ ಹಿಡಿದು ಭಜನೆ ಮಾಡುತ್ತಾಳೆ. ಠಡಬ್, ಠಡಬ್ ಎಂದು ಬರುತ್ತದೆ. ದೇವರು ಯಾರ ಭಕ್ತಿಯನ್ನೂ ಸದ್ದಿನಿಂದ ಅಳೆಯುವುದಿಲ್ಲ ಎಂದು ನಾನು ಬಲ್ಲೆ. ಆದರೂ ಹತ್ತೊಂಬತ್ತು ವರ್ಷ, ಸೋಮವಾರಕ್ಕೊಮ್ಮೆ, ಆ ಡಬ್ ಎಂಬುದು ನನ್ನ ಬೆನ್ನಿಗೇ ಬೀಳುತ್ತಿತ್ತು. ಬಾಳಕ್ಕನೂ ನಮ್ಮ ಮನೆಯದೊಂದು ವಸ್ತು ಕೊಡಬೇಕಿತ್ತು. ಅವಳು ಎರವಲು ಒಯ್ದಿದ್ದ ನಮ್ಮವ್ವನ ಹಿತ್ತಾಳೆ ಅಡಕೊತ್ತು. ಅದನ್ನು ನೆಲ ಇಳಿಸಿಕೊಂಡು ಇಪ್ಪತ್ನಾಲ್ಕು ವರ್ಷವಾಗಿತ್ತು. ಅಡಿಕೆಯನ್ನು ಹಲ್ಲಿನಿಂದಲೇ ಒಡೆದು ನನ್ನ ಎಡದವಡೆಯ ಎರಡು ಹಲ್ಲು ಹೋಗಿವೆ. ಆದರೆ ಅದು ಭೂತಾಯಿಯ ಕೆಲಸ, ಬಾಳಕ್ಕನ ತಪ್ಪಲ್ಲ.

ಎರಡನೆಯ ದಿನ ಬೆಳಗ್ಗೆ ಬಾಳಕ್ಕ ತನ್ನ ಒಂಟಿ ತಾಳ ಹಿಡಿದು ಲಾರಿಯ ಮುಂದೆ ಬಂದು ನಿಂತಳು.

"ಮೇಡಮ್ಮ, ಅಡಿವಯ್ಯನ ಅಂಗಳದಾಗ ಯಾವಾಗ ಚುಚ್ಚತೀರಿ?"

ಇಂದುಮತಿ ಪಟ್ಟಿ ನೋಡಿದಳು. "ಶುಕ್ರವಾರ, ಅಜ್ಜಿ. ಯಾಕೆ?"

"ಹತ್ತೊಂಬತ್ತನೇ ಗೇಣಿಗೆ ನನ್ನ ತಾಳ ಐತಿ. ನಿಮ್ಮ ಸಲಾಕಿ ಅದಕ್ಕ ತಾಗಿದ್ರ ಅದು ಠಣ್ ಅನ್ನತೈತಿ. ಅವಾಗ ನಾ ಮ್ಯಾಲಿಂದ ಇದನ್ನ ಬಾರಸ್ತೇನಿ. ಅಗದು ತಗೀಬಾರ್ದು ಅಂತ ಐತಿ. ಕೇಳಬಾರ್ದು ಅಂತ ಎಲ್ಲೂ ಇಲ್ಲ. ಸಾಯೂದರಾಗ ಎರಡೂ ಕೂಡಿ ಒಮ್ಮೆ ಕೇಳಿಬಿಟ್ರ ಸಾಕು."

ಇಂದುಮತಿ ನನ್ನ ಕಡೆ ನೋಡಿದಳು. ನಾನು ಆಕಾಶ ನೋಡಿದೆ. ಅಂದು ಮಂಜೂ ಇರಲಿಲ್ಲ, ನೋಡಲು ಅಲ್ಲಿ ಏನೂ ಇರಲಿಲ್ಲ.

ಇಂದುಮತಿಗೆ ಒಂದು ಅಭ್ಯಾಸವಿತ್ತು. ಮರುದಿನ ಎಲ್ಲಿ ಚುಚ್ಚಬೇಕೋ ಅಲ್ಲಿ ಹಿಂದಿನ ದಿನವೇ ಸುಣ್ಣದಿಂದ ದುಂಡಗೆ ಗುರುತು ಹಾಕಿ, ಮಧ್ಯಾಹ್ನ ಊಟವಾದ ಮೇಲೆ ಲಾರಿಯ ನೆರಳಿನಲ್ಲಿ ಒಂದು ತಾಸು ಮಲಗುತ್ತಿದ್ದಳು. ಆ ಒಂದು ತಾಸು ನಮ್ಮೂರಿಗೆ ಸಾಕಾಯಿತು. ಅವಳ ಕಣ್ಣು ಮುಚ್ಚುತ್ತಲೇ ಓಣಿಯಲ್ಲೆಲ್ಲ ಹಾರೆ, ಗುದ್ದಲಿಗಳ ಸಪ್ಪಳ ಏಳುತ್ತಿತ್ತು. ಈರಭದ್ರಪ್ಪನವರು ಹನ್ನೆರಡು ವರ್ಷದ ಹಿಂದೆ ಗುಡಿಯಿಂದ ತಂದ, ಬೂಂದಿ ಕರಿಯುವ ತೂತಿನ ಝಾರಾ ನೆಲಕ್ಕೆ ಹೋಗಿದೆ ಎಂದಿದ್ದರಷ್ಟೆ. ಈಗ ಅವರು ಅಟ್ಟದಿಂದ ಅದನ್ನು ಇಳಿಸಿ, ತಮ್ಮ ಹಿತ್ತಿಲಿನ ಸುಣ್ಣದ ಗುರುತಿನ ಕೆಳಗೆ ಹೂಳುತ್ತಿದ್ದರು. ನಾನು ಬೇಲಿಯಾಚೆಯಿಂದ ನೋಡಿದೆ.

"ಇದೇನ್ರೀ ಯಜಮಾನ್ರ?"

"ತಗೀಬಾರ್ದು ಅಂತ ಕಟ್ಟಳಿ ಐತಿ. ಇಡಬಾರ್ದು ಅಂತ ಯಾರ ಹೇಳ್ಯಾರ?" ಎಂದರು ಅವರು, ಮಣ್ಣು ತುಳಿಯುತ್ತ. "ನೆಲಕ್ಕ ಹೋಗೇತಿ ಅಂದಿದ್ದೆ. ಈಗ ಹೋತು. ಸ್ವಲ್ಪ ತಡಾ ಆತು, ಅಷ್ಟ."

"ಹನ್ನೆರಡು ಗೇಣು ಇರಬೇಕಿತ್ತಲ್ರಿ. ನೀವು ಎರಡು ಗೇಣು ತೋಡೀರಿ."

"ನನ್ನ ನಡಾ ನೋಡಿ ಮಾತಾಡು ಅಡಿವಯ್ಯ."

ಶಂಕು ಎಲ್ಲಿ ತಪ್ಪಿಹೋಗುತ್ತದೋ ಎಂದು ಅವರು ಝಾರಾದ ಪಕ್ಕದಲ್ಲಿ ಒಂದು ಕಬ್ಬಿಣದ ಕಡಾಯಿಯನ್ನೂ ಬೋರಲು ಹಾಕಿದರು. ಕಡಾಯಿ ಯಾರದೆಂದು ನಾನು ಕೇಳಲಿಲ್ಲ.

ಮರುದಿನ ಅವರ ಹಿತ್ತಿಲಿನಲ್ಲಿ ಸಲಾಕೆ ಎರಡನೆಯ ಗೇಣಿಗೇ ನಿಂತುಬಿಟ್ಟಿತು. ಇಂದುಮತಿ ಒಂದು ಮೊಳ ಸರಿದು ಚುಚ್ಚಿಸಿದಳು. ಅಲ್ಲಿ ಕಡಾಯಿ ಇತ್ತು. ನಾನು ಕಿವಿ ಹಚ್ಚಿದೆ. ಝಾರಾ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಒತ್ತಿದಾಗ ಅದರ ಸಾವಿರ ಕಣ್ಣುಗಳಲ್ಲಿ ಗಾಳಿ ಸುಂಯ್ ಎನ್ನುತ್ತದೆ. "ಎರಡನೇ ಗೇಣು, ಲೋಹ" ಎಂದು ಓದಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ. ಈರಭದ್ರಪ್ಪನವರು ಎರಡೂ ಕೈ ಎತ್ತಿ, "ನೋಡ್ರಿ, ನಾ ಹೇಳಿರಲಿಲ್ಲ? ನೆಲಾನ ಇಳಿಸ್ಕೊಂಡೈತಿ" ಎಂದರು.

ಪಕ್ಕದ ಮನೆಯಲ್ಲಿ ಎರಡನೆಯ ಗೇಣು, ಲೋಹ. ಅದರ ಪಕ್ಕದ ಮನೆಯಲ್ಲಿಯೂ ಎರಡನೆಯ ಗೇಣು, ಲೋಹ. ಬುಧವಾರದ ಹೊತ್ತಿಗೆ ಹನ್ನೊಂದು ತೂತುಗಳು, ಹನ್ನೊಂದರಲ್ಲೂ ಲೋಹ. ಶಾಲೆಯ ಪಕ್ಕದ ಬಯಲಿನಲ್ಲಂತೂ ಸ್ವಂತ ಅಂಗಳವಿಲ್ಲದವರೆಲ್ಲ ತಂದು ಹೂತಿದ್ದರು. ಅಲ್ಲಿ ನಾಲ್ಕು ಕಡೆ ಸರಿದು ಚುಚ್ಚಿದರೂ ನಾಲ್ಕು ಕಡೆಯೂ ಠಣ್.

ಇಂದುಮತಿ ಅಂದು ಸಂಜೆ ನಕ್ಷೆ ಹರಡಿಕೊಂಡು ಕೂತಿದ್ದಳು. ಅವಳ ಮುಖ ಹೊಳೆಯುತ್ತಿತ್ತು. "ಅಜ್ಜಾ, ಇಂಥದ್ದು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಗುಡಿಯ ಮುಂದೆ ಒಂದು ಬಿಟ್ಟು ಇಡೀ ಊರಿನ ಕೆಳಗೆ ಅರ್ಧ ಮೀಟರಿಗೆ ಒಂದು ಲೋಹದ ಪದರ ಇದೆ. ನಾಳೆ, ನಾಡಿದ್ದು ಉಳಿದದ್ದನ್ನೂ ಚುಚ್ಚಿ ನೋಡೋಣ. ಹೀಗೇ ಬಂದರೆ ಟಾಕಿಗೆ ಆಳವಾದ ಪಾಯವೇ ಬೇಡ. ಈ ಪದರದ ಮೇಲೇ ನಿಲ್ಲಿಸಬಹುದು. ನಮ್ಮ ಸಾಹೇಬರಿಗೆ ಫೋನ್ ಮಾಡಿದ್ದೆ, ಈ ಪದರಕ್ಕೆ ನಿಮ್ಮೂರಿನ ಹೆಸರೇ ಇಡೋಣ ಅಂದ್ರು."

ನಾನು ಮನೆಗೆ ಬಂದು ಜಪಕ್ಕೆ ಕುಳಿತೆ. ಮನಸ್ಸು ನಿಲ್ಲಲಿಲ್ಲ. ಕಣ್ಣು ಮುಚ್ಚಿದರೆ ಒಂದು ಲಕ್ಷ ಲೀಟರ್ ನೀರು ಆಕಾಶದಲ್ಲಿ ನಿಂತಿರುವುದು, ಅದರ ಕೆಳಗೆ ಎಂಟು ಸೌಟು, ಎರಡು ಊದುಗೊಳವೆ, ಒಂದು ಶಾವಿಗೆ ಒರಳು ಅದನ್ನು ಹೊತ್ತುಕೊಂಡಿರುವುದು, ಪಕ್ಕದಲ್ಲೇ ಶಾಲೆಯ ಮಕ್ಕಳು ಮಗ್ಗಿ ಹೇಳುತ್ತಿರುವುದು. ಹೇಳಿಬಿಡಬೇಕು. ಆದರೆ ಹೇಳುವವನು ಯಾರು? ಅಟ್ಟದ ಮೇಲೆ ತಾಳ ಇಟ್ಟುಕೊಂಡವನು. ಈರಭದ್ರಪ್ಪನವರದು ಸುಳ್ಳು ಎಂದು ನಾನು ಬಾಯಿ ತೆರೆದರೆ, ಶುಕ್ರವಾರ ಹತ್ತೊಂಬತ್ತನೆಯ ಗೇಣಿನಲ್ಲಿ ಠಣ್ ಎನ್ನದಿದ್ದಾಗ ಜನ ನನ್ನನ್ನು ಏನೆನ್ನುತ್ತಾರೆ? ಸಲಾಕೆಯ ಮನೆತನದ ಮಾತನ್ನು ಮತ್ತೆ ಯಾರು ನಂಬುತ್ತಾರೆ?

ಆಗ ನನಗೆ ಒಂದು ಬುದ್ಧಿ ಬಂತು. ದೇವರು ಕೊಟ್ಟದ್ದಲ್ಲ ಅದು, ಈಗ ಖಚಿತವಾಗಿ ಹೇಳಬಲ್ಲೆ. ಊರಿನವರು ಎರಡೇ ಗೇಣು ತೋಡಿ ಕೆಟ್ಟರು; ನಾನು ಕಸುಬುದಾರ, ಲೆಕ್ಕ ಬಲ್ಲವನು, ಸರಿಯಾಗಿ ಹತ್ತೊಂಬತ್ತು ಗೇಣು ತೋಡುತ್ತೇನೆ. ಬಾಳಕ್ಕ ಕೇಳಬೇಕೆಂದಿದ್ದಳು, ಕೇಳಲಿ. ಟಾಕಿಯ ವಿಷಯ ಆಮೇಲೆ ಹೇಗಾದರೂ ಹೇಳಿದರಾಯಿತು.

ಗುರುವಾರ ಮಧ್ಯಾಹ್ನ ಇಂದುಮತಿ ಮಲಗಿದ ಮೇಲೆ ನನ್ನ ಅಂಗಳದ ಸುಣ್ಣದ ಗುರುತಿನ ಮೇಲೆ ಹಾರೆ ಹಾಕಿದೆ. ಅರವತ್ತಮೂರರ ವಯಸ್ಸು. ಮೂರು ಗೇಣಿಗೆ ಏದುಸಿರು ಬಂತು. ಐದು ಗೇಣಿಗೆ ಸೊಂಟದ ತನಕ ಒಳಗಿದ್ದೆ. ಆರನೆಯದರಲ್ಲಿ ಹಸಿ ಜೇಡಿ ಸಿಕ್ಕಿ ಪಾದಗಳನ್ನು ತಬ್ಬಿ ಹಿಡಿಯಿತು. ಬಲಗಾಲು ಎಳೆದರೆ ಎಡಗಾಲು ಇಳಿಯುತ್ತದೆ, ಎಡಗಾಲು ಎಳೆದರೆ ಬಲಗಾಲು. ಜೇಡಿಯ ಗುಣವನ್ನು ಅಷ್ಟು ವರ್ಷ ಊರಿಗೆಲ್ಲ ಓದಿ ಹೇಳಿದವನು ನಾನೇ. ಹಾಗೆ ಸಿಕ್ಕಿಬಿದ್ದು ನಿಂತಿದ್ದಾಗ ತಗ್ಗಿನ ಅಂಚಿನಲ್ಲಿ ಬಾಳಕ್ಕನ ಪಾದಗಳು ಬಂದು ನಿಂತವು.

"ಅಡಿವಯ್ಯ, ಅಲ್ಲೇನ್ ಮಾಡಾಕತ್ತಿ?"

"ತೆಂಗಿನ ಸಸಿ ಹಚ್ಚಾಕ ತಗ್ಗು, ಬಾಳಕ್ಕ."

"ಇಷ್ಟ ಆಳ?"

"ದೊಡ್ಡ ಸಸಿ."

ಅವಳು ಸ್ವಲ್ಪ ಹೊತ್ತು ತಗ್ಗನ್ನು ನೋಡಿದಳು, ನನ್ನನ್ನು ನೋಡಿದಳು, ಸುಣ್ಣ ಮೆತ್ತಿದ ಮಣ್ಣಿನ ಗುಡ್ಡೆಯನ್ನು ನೋಡಿದಳು. "ಎಲ್ಲೈತಿ ಸಸಿ?"

"ತರಬೇಕು."

"ಹಂಗಾದ್ರ ನೀ ಇಲ್ಲೇ ನಿಂದ್ರು" ಎಂದು ಹೋದಳು. ನಿಲ್ಲದೆ ನನಗೆ ಬೇರೆ ದಾರಿಯೂ ಇರಲಿಲ್ಲ. ಅರ್ಧ ತಾಸಿನ ಮೇಲೆ ಅವಳು ತನ್ನ ಹಿತ್ತಿಲಿನಿಂದ ಒಂದು ತೆಂಗಿನ ಸಸಿಯನ್ನು ಬೇರು ಸಮೇತ ಸೊಂಟದ ಮೇಲೆ ಕೂಸಿನಂತೆ ಹೊತ್ತು ತಂದಳು. ಸಸಿ ಮೊಳದಷ್ಟೇ ಇತ್ತು. ಇಬ್ಬರು ದಾರಿಹೋಕರನ್ನು ಕರೆದು ನನ್ನನ್ನು ಎಳೆಸಿದಳು. ನಾನು ಬಂದೆ, ನನ್ನ ಚಪ್ಪಲಿ ಬರಲಿಲ್ಲ. ಅರ್ಧ ತಗ್ಗನ್ನು ಮತ್ತೆ ತುಂಬಿಸಿ, ಸಸಿ ನಿಲ್ಲಿಸಿ, ತಾನೇ ಒಂದು ತಂಬಿಗೆ ನೀರು ಹಾಕಿದಳು. "ನನ್ನ ತಾಳದ ಮ್ಯಾಲ ಬೆಳೀಲಿ ಬಿಡು. ನೆಳ್ಳಾಗತೈತಿ ಅದಕ್ಕ" ಎಂದಳು. ಅವಳ ದನಿಯಲ್ಲಿ ಕೊಂಕು ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ತಾಳ ಆಗ ನನ್ನ ಅಂಗಿಯೊಳಗೆ, ಹೊಟ್ಟೆಗೆ ತಣ್ಣಗೆ ಒತ್ತಿಕೊಂಡಿತ್ತು. ರಾತ್ರಿ ಅದನ್ನು ಮತ್ತೆ ಅಟ್ಟದ ಗಡಿಗೆಯ ಮೇಲೆ ಮುಚ್ಚಿದೆ.

ಶುಕ್ರವಾರ ಬೆಳಗ್ಗೆ ಊರೇ ನನ್ನ ಅಂಗಳದಲ್ಲಿತ್ತು. ಗುರುತಿದ್ದ ಕಡೆ ತೆಂಗಿನ ಸಸಿ ನೋಡಿ ಇಂದುಮತಿ ಏನೂ ಕೇಳದೆ ಎರಡು ಹೆಜ್ಜೆ ಆಚೆ ಸಲಾಕೆ ನಿಲ್ಲಿಸಿದಳು. ಬಾಳಕ್ಕ ಒಂಟಿ ತಾಳವನ್ನು ಸೆರಗಿನಿಂದ ಒರೆಸಿ, ಎತ್ತಿ ಹಿಡಿದು ನಿಂತಳು. ಭಜನೆಯವರೆಲ್ಲ ಅವಳ ಹಿಂದೆ ನಿಂತರು. ನಾನು ನೆಲಕ್ಕೆ ಕೈಮುಗಿದೆ. ಚುಚ್ಚತೇನಿ ಎಂಬ ಮಾತು ಬಂತು, ತಪ್ಪು ತಿಳಕೋಬ್ಯಾಡ ಎಂಬ ಮಾತು ಬರಲಿಲ್ಲ.

"ಒಂದನೇ ಗೇಣು, ಕೆಮ್ಮಣ್ಣು. ಎರಡನೇ ಗೇಣು..." ಜನ ಉಸಿರು ಹಿಡಿದರು. "ಕೆಮ್ಮಣ್ಣು."

ಇಂದುಮತಿ ಪರದೆಯ ಹತ್ತಿರ ಬಗ್ಗಿದಳು. "ಇಲ್ಲಿ ಆ ಪದರ ಇಲ್ವಲ್ಲ" ಎಂದಳು, ಮೋಸ ಹೋದವರ ಹಾಗೆ.

ಆರರಿಂದ ಜೇಡಿ. ಹತ್ತಕ್ಕೆ ಜೇಡಿ. ಹದಿನೈದಕ್ಕೂ ಜೇಡಿ. ಹದಿನೆಂಟಾದಾಗ ಬಾಳಕ್ಕನ ಕೈ ಇನ್ನೂ ಒಂದು ಗೇಣು ಮೇಲೆದ್ದಿತು. ಬಳೆಗಳು ಮೊಣಕೈಗೆ ಜಾರಿದವು. ಹತ್ತೊಂಬತ್ತು. ನಾನು ಸಲಾಕೆಗೆ ಕಿವಿ ಹಚ್ಚಿದೆ. ಒಳಗೆ ಬಹಳ ಶಾಂತವಾಗಿತ್ತು. ನನ್ನ ಅಜ್ಜ, ಮುತ್ತಜ್ಜ ಕೇಳಿದ ಅದೇ ಶಾಂತಿ.

"ಹತ್ತೊಂಬತ್ತನೇ ಗೇಣು, ಜೇಡಿ" ಎಂದು ಓದಿದೆ.

ಬಾಳಕ್ಕ ಕೈ ಇಳಿಸಲಿಲ್ಲ. "ಇನ್ನೊಂದು ಗೇಣು ಹೋಗ್ರಿ ಮೇಡಮ್ಮ. ಭಾರ ಇತ್ತು ಅದು, ಲಗೂ ಇಳದಿರಬೇಕು" ಎಂದಳು. ಇಂದುಮತಿ ಒತ್ತಿಸಿದಳು. ಇಪ್ಪತ್ತು, ಜೇಡಿ. "ಇನ್ನೊಂದು." ಮೂವತ್ತು, ಮೆಕ್ಕಲು. "ಇನ್ನೊಂದ ಒಂದು." ನಲವತ್ತೆರಡಕ್ಕೆ ಸಲಾಕೆ ಗರಸು ಮುಟ್ಟಿ ನಿಂತಿತು, ಅದರ ಕೆಳಗೆ ಹೋಗಲೊಲ್ಲದು. ಅಷ್ಟೂ ಹೊತ್ತು ಆ ಮುದುಕಿಯ ಕೈ ಮೇಲೆಯೇ ಇತ್ತು. ಈರಭದ್ರಪ್ಪನವರು ಕೂಡ ತಲೆ ಕೆಳಗೆ ಹಾಕಿದರು.

ನಾನು ಸಲಾಕೆಯಿಂದ ಕಿವಿ ತೆಗೆದೆ. "ಕೈ ಇಳಿಸು ಬಾಳಕ್ಕ" ಎಂದೆ. "ಸಲಾಕಿ ಖರೇ ಹೇಳೇತಿ. ನಾ ಹೇಳಿದ್ದು ಸುಳ್ಳು. ತಾಳ ನೆಲಕ್ಕ ಹೋಗಿಲ್ಲ, ಹುಣಸಿಹಣ್ಣಿನ ಗಡಿಗಿ ಮ್ಯಾಲ ಐತಿ."

ಏಣಿ ಹತ್ತಿ ಅಟ್ಟದಿಂದ ತಂದೆ. ಹತ್ತೊಂಬತ್ತು ವರ್ಷ ಹುಣಸೆಹಣ್ಣಿನ ಹುಳಿ ತಾಗಿ ಅದು ಬಂಗಾರದ ಹಾಗೆ ಥಳಥಳಿಸುತ್ತಿತ್ತು. ಬಾಳಕ್ಕನ ಕೈಯಲ್ಲಿದ್ದದ್ದು ಕಪ್ಪಗೆ ಕಂದಿತ್ತು. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ನಾನು ಬೈಗುಳಕ್ಕೆ ಕಾದು ನಿಂತೆ. "ಇಷ್ಟು ವರ್ಷ ಹುಣಸಿಹಣ್ಣ ಭಜನಿ ಮಾಡ್ತಿತ್ತನ್ನು" ಎಂದಳು. ಆಮೇಲೆ ಅವುಗಳನ್ನು ಒಮ್ಮೆ, ಒಂದೇ ಒಮ್ಮೆ ತಾಗಿಸಿದಳು.

ಆ ಸದ್ದನ್ನು ನಾನು ವರ್ಣಿಸಲಾರೆ. ಲಾರಿಯ ಪರದೆಯ ಮೇಲೆ ಎರಡೂ ಗೆರೆಗಳು ಸಣ್ಣಗೆ ನಡುಗಿದವು ಎಂದು ಇಂದುಮತಿ ಆಮೇಲೆ ಹೇಳಿದಳು.

ಸದ್ದು ಪೂರ್ತಿ ಆರಿದ ಮೇಲೆ ನಾನು ಅವಳ ಕಡೆ ತಿರುಗಿದೆ. "ಮೇಡಂ, ನಿಮ್ಮ ಆ ಲೋಹದ ಪದರ ಪದರನ ಅಲ್ರಿ. ಅದು ಗುಡಿ ಝಾರಾ."

"ಏನು?"

"ಅಧ್ಯಕ್ಷರ ಹಿತ್ತಲದಾಗ ಝಾರಾ, ಕಡಾಯಿ. ಅದರ ಬಾಜೂಕ ಹೋಳಿಗಿ ಹಂಚು. ಅದರಾಚೆ ಎರಡು ಸೌಟು. ಶಾಲಿ ಬಯಲಿನಾಗ ಏನೇನೈತಿ ಅಂತ ನಾ ಒಬ್ಬನ ಹೇಳಾಕಾಗೂದಿಲ್ಲ, ಹೂತವರು ಇಲ್ಲೇ ನಿಂತಾರ. ನೀವು ಮಲಗಿದಾಗ ಇಟ್ಟಾರ. ಅದರ ಮ್ಯಾಲ ಟಾಕಿ ಕಟ್ಟಬ್ಯಾಡ್ರಿ. ಗರಸು ನಲವತ್ತೆರಡು ಗೇಣಿಗೆ ಐತಿ."

ಇಂದುಮತಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ, ತೆಗೆದು, ಮತ್ತೆ ಸಿಕ್ಕಿಸಿದಳು. "ನಾನು ಸಾಹೇಬರಿಗೆ ಹೇಳಿಬಿಟ್ಟಿದ್ದೀನಿ" ಎಂದಳು. ಅವಳಿಗೆ ಅಳು ಬರುತ್ತದೋ ನಗು ಬರುತ್ತದೋ ಎಂದು ಎಲ್ಲರೂ ಕಾದರು. ನಗು ಬಂತು. ನಕ್ಕು ನಕ್ಕು ಲಾರಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವಳು ನಕ್ಕಮೇಲೆ ಊರಿಗೆ ನಾಚಿಕೆಯಾಯಿತು. ಈರಭದ್ರಪ್ಪನವರು ಕೆಮ್ಮಿ, "ಇಟ್ಟವರು ತಗೀಬಹುದು. ಅದು ನೆಲ ತಗೊಂಡಿದ್ದಲ್ಲ, ನಾವು ಕೊಟ್ಟಿದ್ದು. ಕಟ್ಟಳಿಗೆ ಅಡ್ಡಿ ಬರೂದಿಲ್ಲ" ಎಂದು ತೀರ್ಪು ಕೊಟ್ಟು, ಎಲ್ಲರಿಗಿಂತ ಮೊದಲು ಗುದ್ದಲಿ ತರಲು ಹೋದರು.

ಮುಂದಿನ ವಾರ ಇಂದುಮತಿ ಅವೇ ಜಾಗಗಳನ್ನು ಮತ್ತೆ ಚುಚ್ಚಿದಳು. ಈ ಸಲ ಸುಣ್ಣದ ಗುರುತು ಹಾಕಲಿಲ್ಲ, ಮಧ್ಯಾಹ್ನ ಮಲಗಲೂ ಇಲ್ಲ. ನಕ್ಷೆ ಚೆಂದ ಬಂತು. ಕೆಮ್ಮಣ್ಣಿಗೆ ಕೆಂಪು, ಮರಳಿಗೆ ಹಳದಿ, ಜೇಡಿಗೆ ನೀಲಿ, ಎಲ್ಲಕ್ಕೂ ಕೆಳಗೆ ಹಳೆಯ ಹೊಳೆಯ ಹಾಸಿಗೆಯಾಗಿದ್ದ ಗರಸು ಕಂದು ಬಣ್ಣದಲ್ಲಿ ಊರ ಉದ್ದಕ್ಕೂ ಮಲಗಿತ್ತು. ಅದರ ಒಂದು ಪ್ರತಿ ಗುಡಿಯಲ್ಲಿದೆ, ತೂಗುಹಾಕಿದ್ದೇವೆ. ಟಾಕಿ ಈಗ ಗರಸಿನ ತನಕ ಕಾಲು ಇಳಿಸಿ ನಿಂತಿದೆ. ಹಿಂದಿನದರ ಗತಿ ಬಾರದಿರಲಿ ಎಂದು ದಿನಕ್ಕೊಂದು ಮನೆಯವರು ಅದರ ಕೆಳಗೆ ಹೋಗಿ, "ಅದೀಯಲ್ಲ?" ಎಂದು ಕೇಳಿಬರುತ್ತಾರೆ. ಸಲಾಕೆಯ ಕೆಲಸ ನನ್ನಲ್ಲೇ ಉಳಿಯಿತು. ಯಾಕೆಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ.

ತಾಳ ಸಿಕ್ಕ ಮೇಲಿನ ಮೊದಲ ಸೋಮವಾರ ಗುಡಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಬಾಳಕ್ಕ ಕಪ್ಪು ತಾಳ ಒಂದು ಕೈಯಲ್ಲಿ, ಹೊಳೆಯುವ ತಾಳ ಇನ್ನೊಂದು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಭಜನೆ ಮಾಡಿದಳು. ಡಬ್ ಎಂಬುದು ಒಮ್ಮೆಯೂ ಬರಲಿಲ್ಲ. ನಾನು ಎಂದಿನ ಹಾಗೆ ಕಂಬಕ್ಕೆ ಒರಗಿ ಕೂತಿದ್ದೆ. ಮಂಗಳಾರತಿಯಾಯಿತು, ಜನ ಬೇವಿನ ಮರದಿಂದ ತಮ್ಮ ತಮ್ಮ ಚಪ್ಪಲಿ ಇಳಿಸಿಕೊಂಡು ಹೊರಟರು. ಬಾಳಕ್ಕ ಎಲ್ಲರಿಗಿಂತ ಹಿಂದೆ ಎದ್ದಳು. ನನ್ನ ಪಕ್ಕ ಹಾದು ಹೋಗುವಾಗ ಬಗ್ಗಿ, ಮಡಚಿದ ಒಂದು ಬಟ್ಟೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ನೆಲದ ಮೇಲೆ ಇಡಲಿಲ್ಲ. ನನ್ನ ಮುಖ ನೋಡಲಿಲ್ಲ. ಕಂಬ ಹಿಡಿದು ಮೆಟ್ಟಿಲಿಳಿದು ತನ್ನ ಮನೆಯ ದಾರಿ ಹಿಡಿದಳು.

ಬಿಚ್ಚಿ ನೋಡಿದೆ. ನಮ್ಮವ್ವನ ಅಡಕೊತ್ತು. ಅದರ ಕೀಲಿಗೆ ಎಣ್ಣೆ ಹಾಕಿತ್ತು, ಬಾಯಿ ಮಸೆದು ಹರಿತ ಮಾಡಿತ್ತು, ಹಿಡಿಯ ಮೇಲೆ ಅಂದಿನ ಅಡಿಕೆಯ ಪುಡಿ ಇನ್ನೂ ಅಂಟಿಕೊಂಡಿತ್ತು.